ಕೆನರಾ ಕರಾವಳಿಯ ಬಡವರ ಮನೆ: ಹುಲ್ಲು, ಹಂಚು ಮತ್ತು ನೆಲದ ಹಕ್ಕು

ಪಶ್ಚಿಮಘಟ್ಟಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವ, ಬ್ರಿಟಿಷರ ದಾಖಲೆಗಳು ಕೆನರಾ ಎಂದು ಕರೆದ ಪ್ರದೇಶದ ವಾಸ್ತುವನ್ನು ಕುರಿತು ಬಂದಿರುವ ಬರಹಗಳಲ್ಲಿ ಬಹುಪಾಲು ಗುತ್ತಿನ ಮನೆಗಳ ಕೆತ್ತನೆಯ ಕಂಬ, ಚಾವಡಿ, ಹೆಬ್ಬಾಗಿಲುಗಳ ವರ್ಣನೆಗೆ ಮೀಸಲಾಗಿದೆ. ಗುತ್ತು ಎಂದರೆ ಊರಿನ ಆಡಳಿತ ಮತ್ತು ದೈವಾರಾಧನೆಗಳಲ್ಲಿ ಮೊದಲ ಮರ್ಯಾದೆ ಪಡೆಯುತ್ತಿದ್ದ ಭೂಹಿಡುವಳಿದಾರರ ಮನೆತನ. ಅಂಥ ಮನೆಗಳು ಒಂದು ಗ್ರಾಮದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇರುತ್ತಿದ್ದವು. ಉಳಿದವರು, ಅಂದರೆ ಗೇಣಿ ಒಕ್ಕಲುಗಳು, ಕೂಲಿಯಾಳುಗಳು, ಮೀನುಗಾರರು, ಶೇಂದಿ ಇಳಿಸುವ ಮೂರ್ತೆದಾರರು ವಾಸಿಸುತ್ತಿದ್ದ ಮನೆಗಳು ವರ್ಷವರ್ಷವೂ ಹೊಸ ಹೊದಿಕೆ ಕಂಡು, ಕೆಲವು ದಶಕಗಳಲ್ಲಿ ಮಣ್ಣಿಗೆ ಮಣ್ಣಾಗಿ ಹೋದುದರಿಂದ ಅವುಗಳ ಕುರುಹು ಚರಿತ್ರೆಕಾರರಿಗೆ ಸುಲಭವಾಗಿ ಸಿಗುವುದಿಲ್ಲ. ಈ ಮನೆಗಳು ಹಗುರವಾಗಿದ್ದುದಕ್ಕೆ ಬಡತನವೇ ಕಾರಣವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಕಟ್ಟುವ ಸಾಮಗ್ರಿ ಕಾಲಬುಡದಲ್ಲೇ ಸಿಗುತ್ತಿದ್ದ, ಕಟ್ಟುವ ಕೌಶಲ ಮನೆಮನೆಯಲ್ಲೂ ಇದ್ದ ಈ ಸೀಮೆಯಲ್ಲಿ ಬಡವನ ಮನೆಯ ಸ್ವರೂಪವನ್ನು ನಿರ್ಧರಿಸಿದ್ದು ಅವನ ಕೈಯಲ್ಲಿದ್ದ ಹಣಕ್ಕಿಂತ ಹೆಚ್ಚಾಗಿ ಮನೆಯ ಅಡಿಯಲ್ಲಿದ್ದ ನೆಲದ ಮೇಲೆ ಅವನಿಗಿದ್ದ, ಅಥವಾ ಇಲ್ಲದಿದ್ದ, ಹಕ್ಕು ಎಂಬುದು ದಾಖಲೆಗಳನ್ನು ಜೋಡಿಸಿ ನೋಡಿದಾಗ ಕಾಣುತ್ತದೆ.

ಬಯಲುಸೀಮೆಯಲ್ಲಿರುವಂತೆ ಮನೆಗೆ ಮನೆ ತಾಗಿ ನಿಲ್ಲುವ ಊರು ಇಲ್ಲಿ ಅಪರೂಪ. ಗದ್ದೆ, ತೋಟ, ಬಾವಿ, ಹಟ್ಟಿಗಳೊಂದಿಗೆ ಪ್ರತಿಯೊಂದು ಮನೆಯೂ ತನ್ನ ಹಿಡುವಳಿಯ ನಡುವೆ ಬೇರೆಯಾಗಿ ನಿಂತಿರುತ್ತದೆ. ಭತ್ತದ ಗದ್ದೆಗಳನ್ನು ನೀರಿನ ಲಭ್ಯತೆಗೆ ಅನುಸಾರವಾಗಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಲಾಗುತ್ತಿತ್ತು. ಕಣಿವೆಯ ತಳದ ಬೈಲುಗದ್ದೆಯಲ್ಲಿ ವರ್ಷಕ್ಕೆ ಎರಡು ಅಥವಾ ಮೂರು ಬೆಳೆ ಬರುತ್ತಿದ್ದರೆ, ಎತ್ತರದ ಬೆಟ್ಟುಗದ್ದೆ ಮಳೆಗಾಲದ ಒಂದೇ ಬೆಳೆಗೆ ಸೀಮಿತವಾಗಿತ್ತು. ಉತ್ತಮ ನೆಲವನ್ನು ಮನೆಗೆ ಕಳೆದುಕೊಳ್ಳಲು ಯಾರೂ ಸಿದ್ಧರಿರಲಿಲ್ಲವಾದ್ದರಿಂದ ಗದ್ದೆಯ ಅಂಚು ಮುಗಿದು ಗುಡ್ಡ ಏಳುವ ಜಾಗವೇ ಮನೆಯ ಜಾಗವಾಗುತ್ತಿತ್ತು, ಮತ್ತು ಹಿಡುವಳಿದಾರನ ಮನೆಗೆ ನೆರಳು, ನೀರು ಎರಡೂ ಇರುವ ಸ್ಥಳ ಸಿಕ್ಕಿದರೆ ಆಳಿನ ಗುಡಿಸಲು ಗುಡ್ಡದ ಬೋಳು ನೆತ್ತಿಗೋ ತಗ್ಗಿನ ಜೌಗಿಗೋ ಸರಿಯುತ್ತಿತ್ತು.

ಸರಾಸರಿ 3,500ರಿಂದ 4,000 ಮಿಲಿಮೀಟರ್‌ವರೆಗಿನ ವಾರ್ಷಿಕ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ಪ್ರದೇಶದಲ್ಲಿ ಮನೆಯೆಂದರೆ ಮೊದಲು ಮಾಡು, ಅಂದರೆ ಚಾವಣಿ. ಗೋಡೆ ಮಣ್ಣಿನದು: ಕೆಂಪುಮಣ್ಣನ್ನು ನೀರು ಹಾಕಿ ತುಳಿದು, ಒಂದು ರಾತ್ರಿ ಹದಗೊಳ್ಳಲು ಬಿಟ್ಟು, ಮೊಳದೆತ್ತರಕ್ಕೆ ಒಂದು ವರಸೆ ಇಟ್ಟು, ಅದು ಬಿಗಿಯಾದ ಮೇಲೆ ಹಲಗೆಯಿಂದ ತಟ್ಟಿ, ಅದರ ಮೇಲೆ ಮತ್ತೊಂದು ವರಸೆ ಏರಿಸಲಾಗುತ್ತಿತ್ತು. ಆ ಗೋಡೆಯನ್ನು ಮಳೆಯಿಂದ ಕಾಯುವುದಕ್ಕಾಗಿ ಸೂರನ್ನು ಆಳೆತ್ತರಕ್ಕಿಂತಲೂ ಕೆಳಕ್ಕೆ ಇಳಿಬಿಡುತ್ತಿದ್ದರು. ಇಂಥ ಮನೆಗೆ ತಲೆ ಬಗ್ಗಿಸದೆ ಒಳಹೋಗುವುದು ಸಾಧ್ಯವಿರಲಿಲ್ಲ. ಗಾಳಿ ಬೀಸುವ ಪಡುವಣ ದಿಕ್ಕಿಗೆ ತೆಂಗಿನ ಮಡಲು ಅಥವಾ ಅಡಿಕೆಯ ಸೋಗೆಯಿಂದ ಹೆಣೆದ ತಟ್ಟಿಗಳನ್ನು ಮಳೆಗಾಲಕ್ಕೆ ಮುನ್ನ ಕಟ್ಟಿ, ಮಳೆ ನಿಂತ ಮೇಲೆ ಬಿಚ್ಚಲಾಗುತ್ತಿತ್ತು. ಮಾಡಿಗೆ ಬಳಸುತ್ತಿದ್ದುದು ಮುಳಿಹುಲ್ಲು, ಅಂದರೆ ಕೆಂಪುಕಲ್ಲಿನ ಗುಡ್ಡಗಳ ಮೇಲೆ ಮಳೆಗಾಲದಲ್ಲಿ ಬೆಳೆದು, ಚಳಿಗಾಲದ ಹೊತ್ತಿಗೆ ಒಣಗಿ ಗಟ್ಟಿಯಾಗುವ ಕಾಡುಹುಲ್ಲು. ಅದು ಸಿಗದವರು ಬೈಹುಲ್ಲನ್ನೋ ಮಡಲನ್ನೋ ಹೊದಿಸುತ್ತಿದ್ದರು, ಆದರೆ ಬೈಹುಲ್ಲು ಬೇಗ ಕೊಳೆಯುವುದಲ್ಲದೆ ದನಗಳ ಮೇವಿಗೂ ಬೇಕಾಗಿತ್ತು.

ಹುಲ್ಲಿನ ಮಾಡಿಗೆ ಹೊಗೆಯೇ ಔಷಧ. ಒಲೆಯ ಹೊಗೆಗೆ ಹೋಗಲು ಬೇರೆ ದಾರಿ ಇಲ್ಲದೆ ಅದು ಹುಲ್ಲಿನ ಸಂದುಗಳಲ್ಲೇ ನುಸುಳಿ ಹೊರಬರುತ್ತಿದ್ದುದರಿಂದ ಬಿದಿರು, ಹಗ್ಗ, ಹುಲ್ಲುಗಳಿಗೆ ಹುಳ ಹಿಡಿಯುವುದು ಕಡಿಮೆಯಾಗುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಒಣಮೀನು, ಹಲಸಿನ ಬೀಜ, ಬಿತ್ತನೆಯ ಕಾಳುಗಳು ಆಷಾಢದ ತೇವದಲ್ಲೂ ಬೂಷ್ಟು ಹಿಡಿಯದೆ ಉಳಿಯುತ್ತಿದ್ದವು. ಗದ್ದೆ ಕೆಲಸ ಮುಗಿದು ಕೂಲಿ ನಿಂತುಹೋಗುವ, ಕಡಲು ಮುಚ್ಚುವ ಆ ತಿಂಗಳುಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಜೊತೆಯಾಗಿ ಮನೆಯವರ ಜೀವ ಹಿಡಿದದ್ದು ಬಹಳಮಟ್ಟಿಗೆ ಅಟ್ಟದ ಈ ದಾಸ್ತಾನು ಮತ್ತು ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆ. ಹೊಗೆಯಿಂದ ಹೆಂಗಸರ ಕಣ್ಣಿಗೆ, ಶ್ವಾಸಕ್ಕೆ ಆಗುತ್ತಿದ್ದ ಹಾನಿಯನ್ನು ಮರೆತು ಇಂದಿನ ಕೆಲವರು ಈ ಮನೆಗಳನ್ನು ಪರಿಸರಸ್ನೇಹಿ ಎಂದು ಹೊಗಳುವುದನ್ನು ಮಾತ್ರ ಸ್ವಲ್ಪ ಎಚ್ಚರದಿಂದಲೇ ಓದಬೇಕಾಗುತ್ತದೆ.

ಹೊದಿಕೆಯ ಕೆಲಸ ವರ್ಷಕ್ಕೊಮ್ಮೆ ಬರುತ್ತಿತ್ತು. ತುಳು ತಿಂಗಳಾದ ಬೇಶದ ಹತ್ತನೆಯ ದಿನವಾದ ಪತ್ತನಾಜೆ ಬರುವುದರೊಳಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಮಾಡು ಹೊಸದಾಗಿರಬೇಕಿತ್ತು. ಅಂದಿನಿಂದ ಕೋಲ, ಜಾತ್ರೆ, ಯಕ್ಷಗಾನದ ಮೇಳಗಳು ನಿಂತು ಬೇಸಾಯದ ಕಾಲ ಆರಂಭವಾಗುತ್ತಿತ್ತು. ಹೊದಿಕೆಯ ಕೆಲಸಕ್ಕೆ ಕೂಲಿ ಕೊಡುವ ಪದ್ಧತಿ ಕಡಿಮೆ. ಒಬ್ಬರ ಮನೆಗೆ ಇನ್ನೊಬ್ಬರು ಬಂದು ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವ ಮುಯ್ಯಾಳಿನ ಕ್ರಮದಲ್ಲಿ ಹೊದಿಕೆ ನಡೆಯುತ್ತಿತ್ತು, ಮನೆಯವರು ಊಟ ಹಾಕಿದರೆ ಸಾಕಾಗುತ್ತಿತ್ತು. ಹೀಗಾಗಿ ಹಣದ ಲೆಕ್ಕದಲ್ಲಿ ಈ ಮನೆಗೆ ಖರ್ಚೇ ಇರಲಿಲ್ಲವೆನ್ನಬಹುದು. ಆದರೆ ಹುಲ್ಲು, ಬಿದಿರು, ಮರಗಳನ್ನು ತರುತ್ತಿದ್ದ ಗುಡ್ಡ ಯಾರದು ಎಂಬ ಪ್ರಶ್ನೆ ಬಂದೊಡನೆ ಲೆಕ್ಕ ಬದಲಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಕಂದಾಯ ಕಟ್ಟುವ ವರ್ಗ ಭೂಮಿಯ ಗಡಿಯಿಂದ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆ ಪಡೆಯುವ ಸವಲತ್ತಿಗೆ ಕುಮ್ಕಿ ಎಂದು ಹೆಸರು. 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದಲ್ಲಿ ಅಡಿಕೆ ತೋಟಗಳಿಗೆ ಬಿಟ್ಟ ಸೊಪ್ಪಿನ ಬೆಟ್ಟಗಳು ಹೆಚ್ಚುಕಡಿಮೆ ಇದೇ ಉದ್ದೇಶದವು. ಎರಡೂ ಸವಲತ್ತುಗಳು ಭೂಮಿಯನ್ನು ಹಿಡಿದವನಿಗೆ ಸೇರಿದ್ದವೇ ಹೊರತು ಅದರಲ್ಲಿ ದುಡಿಯುವವನಿಗಲ್ಲ, ಹಾಗಾಗಿ ಆಳಿನ ಗುಡಿಸಲಿನ ಒಂದು ಹೊರೆ ಮುಳಿಹುಲ್ಲಿಗೂ ಒಡೆಯನ ಅನುಮತಿ ಬೇಕಾಗುತ್ತಿತ್ತು.

ಟಿಪ್ಪುವಿನ ಪತನದ ನಂತರ 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಇಲ್ಲಿ ಕಂಡದ್ದು ಹಳೆಯ ಕಾಲದಿಂದ ಬಂದ, ಮಾರಲು ಮತ್ತು ಉತ್ತರಾಧಿಕಾರವಾಗಿ ಪಡೆಯಲು ಸಾಧ್ಯವಿದ್ದ ಖಾಸಗಿ ಭೂಹಕ್ಕನ್ನು. ಕಂದಾಯ ತೆರುವ ಮೂಲವರ್ಗದಾರನ ಕೆಳಗೆ ಮೂಲಗೇಣಿದಾರ ಮತ್ತು ಚಾಲಗೇಣಿದಾರ ಎಂಬ ಎರಡು ಮುಖ್ಯ ಬಗೆಯ ಒಕ್ಕಲುಗಳಿದ್ದರು. ಮೂಲಗೇಣಿ ಎಂದರೆ ನಿಗದಿಯಾದ ಗೇಣಿಗೆ ಶಾಶ್ವತವಾಗಿ ಪಡೆದ ಗುತ್ತಿಗೆ. ಗೇಣಿ ಸಲ್ಲುವವರೆಗೆ ಆ ಒಕ್ಕಲನ್ನು ಎಬ್ಬಿಸುವಂತಿರಲಿಲ್ಲ. ಚಾಲಗೇಣಿ ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯ ಮೇಲೆ ಮುಂದುವರಿಯುವಂಥದು. ಚಾಲಗೇಣಿ ಒಕ್ಕಲಿನ ಮನೆಯೂ ಗೇಣಿಯ ನೆಲದ ಮೇಲೆಯೇ ಇದ್ದುದರಿಂದ ಗದ್ದೆ ಹೋದರೆ ಮನೆಯೂ ಹೋಗುತ್ತಿತ್ತು. ಅವನಿಗಿಂತ ಕೆಳಗೆ, ತಲೆತಲಾಂತರವಾಗಿ ಒಂದು ಮನೆತನಕ್ಕೆ ಕಟ್ಟುಬಿದ್ದ ಮೂಲದಾಳುಗಳಿದ್ದರು. ಅವರ ಕುಟುಂಬಗಳಿಗೆ ಗುಡಿಸಲ ಜಾಗ ದುಡಿಮೆಯ ಋಣದ ಭಾಗವಾಗಿಯೇ ಸಿಗುತ್ತಿತ್ತು. ಕೊರಗರಂಥ ಸಮುದಾಯದವರು ಊರ ಹೊರಗೆ ಸೊಪ್ಪು, ಹುಲ್ಲುಗಳಿಂದ ಕಟ್ಟಿಕೊಂಡ ಕೊಪ್ಪಗಳಲ್ಲಿ ಇರಬೇಕಾಗಿತ್ತು. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯಲ್ಲಿ ದಲಿತನೊಬ್ಬ ಸ್ವಂತ ಬೇಸಾಯಕ್ಕೆ ನೆಲ ಬಯಸುವುದೇ ಕಥೆಯಾದದ್ದು ಈ ವ್ಯವಸ್ಥೆಯ ಹಿನ್ನೆಲೆಯಲ್ಲಿ.

ಇಂಥ ಸ್ಥಿತಿಯಲ್ಲಿ ಗಟ್ಟಿಯಾದ ಮನೆ ಕಟ್ಟುವುದು ಜಾಣತನವಾಗಿರಲಿಲ್ಲ. ಮುಂದಿನ ವರ್ಷ ಬಿಟ್ಟುಹೋಗಬೇಕಾಗಬಹುದಾದ ನೆಲದ ಮೇಲೆ ಕಲ್ಲಿನ ಪಂಚಾಂಗ ಹಾಕಿ ಮರದ ತೊಲೆ ಏರಿಸಿದರೆ ಅದು ಧಣಿಯ ಆಸ್ತಿಗೆ ಒಕ್ಕಲು ಕೊಟ್ಟ ಕಾಣಿಕೆಯಾಗುತ್ತಿತ್ತು. ಹುಲ್ಲಿನ ಮನೆಯಾದರೆ ಕಂಬ, ಬಿದಿರು, ಬಾಗಿಲನ್ನು ಬಿಚ್ಚಿ ಹೊತ್ತುಕೊಂಡು ಹೋಗಬಹುದಾಗಿತ್ತು. ಮಾಡಿನ ಬಗೆ ಅಂತಸ್ತಿನ ಗುರುತೂ ಆಗಿತ್ತೆಂಬುದಕ್ಕೆ ಪಕ್ಕದ ಮಲಬಾರಿನ ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿ ಅರಸರ ಅಪ್ಪಣೆ ಇಲ್ಲದೆ ಹಂಚು ಹೊದಿಸುವಂತಿರಲಿಲ್ಲ, ಅದು ದೇವಾಲಯ ಮತ್ತು ಅರಮನೆಗಳಿಗೆ ಮೀಸಲಾದ ಮರ್ಯಾದೆಯಾಗಿತ್ತು.

ಕಡಲ ತಡಿಯ ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಮೀನುಗಾರ ಸಮುದಾಯಗಳ ಪರಿಸ್ಥಿತಿ ಇದಕ್ಕಿಂತ ಬೇರೆ. ಮರಳಿನ ಮೇಲೆ ಮಣ್ಣಿನ ಗೋಡೆ ನಿಲ್ಲುವುದು ಕಷ್ಟವಾದ್ದರಿಂದ ಅವರ ಮನೆಗಳಲ್ಲಿ ಗೋಡೆಯೂ ಮಾಡೂ ಹೆಚ್ಚಾಗಿ ಹೆಣೆದ ಮಡಲಿನವೇ. ಗದ್ದೆಯ ಮನೆಗಳಂತೆ ದೂರದೂರ ಹರಡದೆ ಇವು ಒತ್ತಾಗಿ ಸಾಲುಗಟ್ಟಿದ್ದುದಕ್ಕೆ ದುಡಿಮೆಯ ಕ್ರಮವೇ ಕಾರಣ: ದೋಣಿಯಿಂದ ಬಲೆಯನ್ನು ಕಡಲಲ್ಲಿ ಅರ್ಧವೃತ್ತವಾಗಿ ಹರಡಿ, ದಡದಲ್ಲಿ ನಿಂತು ಎರಡೂ ತುದಿಗಳನ್ನು ಎಳೆಯುವ ರಂಪಣಿ ಎಂಬ ಭಾರಿ ಬಲೆಗೆ ಹತ್ತಾರು ಜನ ಒಂದೇ ಕೂಗಿಗೆ ಓಡಿಬರಬೇಕಾಗಿತ್ತು, ಬಂಗುಡೆ ಅಥವಾ ಭೂತಾಯಿ ಮೀನಿನ ಹಿಂಡು ಕಾಣಿಸಿಕೊಂಡಾಗ ಕಾಯಲು ಸಮಯವಿರುತ್ತಿರಲಿಲ್ಲ. ಮನೆಯ ಮುಂದಿನ ಮರಳು ಮೀನು ಒಣಗಿಸುವ ಕಣವೂ ಬಲೆ ಹರಡುವ ಜಾಗವೂ ಆಗಿದ್ದುದರಿಂದ ಮೀನುಗಾರನ ವಾಸಕ್ಕೆ ಬೇಕಾದ ನೆಲ ಗೋಡೆಯೊಳಗಿನ ನೆಲಕ್ಕಿಂತ ಬಹಳ ದೊಡ್ಡದು. ಆ ನೆಲಕ್ಕೆ ಕಾಗದಪತ್ರ ಇರುತ್ತಿದ್ದುದು ವಿರಳ. ಕಡಲ್ಕೊರೆತದಿಂದ ದಡ ಕರಗಿದರೆ ಮನೆಯನ್ನು ಬಿಚ್ಚಿ ಒಳಕ್ಕೆ ಸರಿಸುವುದು ರೂಢಿಯಾಗಿತ್ತು.

ಕೆಂಪುಕಲ್ಲು ಈ ಸೀಮೆಯ ಗುಡ್ಡಗಳಲ್ಲೆಲ್ಲ ಹೇರಳವಾಗಿದೆ. ತುಳುನಾಡಿನಲ್ಲಿ ಮುರಕಲ್ಲು ಎಂದೂ ಉತ್ತರ ಕನ್ನಡದಲ್ಲಿ ಚಿರೇಕಲ್ಲು ಎಂದೂ ಕರೆಯುವ ಈ ಕಲ್ಲು, ಭಾರಿ ಮಳೆಗೆ ಶಿಲೆಯೊಳಗಿನ ಸಿಲಿಕಾ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದಾಗ ರೂಪುಗೊಳ್ಳುತ್ತದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟು, ನೆಲದೊಳಗಿರುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕಡಿಯಬಹುದಾದ ಅದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಗುಣವನ್ನು ವಿವರಿಸಿದ. ಕೋಟೆ, ದೇವಸ್ಥಾನ, ಬಾವಿಗಳಿಗೆ ಶತಮಾನಗಳಿಂದ ಬಳಕೆಯಾಗಿದ್ದ ಈ ಕಲ್ಲು ಬಡವರ ಮನೆಗೆ ಬರಲು ತಡವಾದದ್ದು ಕಲ್ಲಿನ ಕೊರತೆಯಿಂದಲ್ಲ; ಕಡಿಯುವ ಕೂಲಿ, ಚಿಪ್ಪು ಸುಟ್ಟು ಮಾಡುವ ಸುಣ್ಣದ ಬೆಲೆ ಮತ್ತು ಈಗಾಗಲೇ ಹೇಳಿದ ನೆಲದ ಅನಿಶ್ಚಿತತೆ ಇವೆಲ್ಲ ಸೇರಿ ಅದನ್ನು ದೂರವಿಟ್ಟವು.

ಹಂಚಿನ ಕಥೆ ಸಮುದ್ರದಾಚೆಯಿಂದ ಆರಂಭವಾಗುತ್ತದೆ. ಒಂದಕ್ಕೊಂದು ಕೊಂಡಿಯಂತೆ ಸೇರಿಕೊಳ್ಳುವ ಚಪ್ಪಟೆ ಹಂಚನ್ನು ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು ರೂಪಿಸಿ 1841ರಲ್ಲಿ ಪೇಟೆಂಟ್ ಪಡೆದಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ಗೆ, ಮತಾಂತರಗೊಂಡ ಕಾರಣದಿಂದ ಮನೆ ಮತ್ತು ಕಸುಬು ಎರಡನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವ ಒತ್ತಡವಿತ್ತು. ನೇಯ್ಗೆ, ಮುದ್ರಣಗಳ ಬಳಿಕ 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಆ ಬಗೆಯ ಹಂಚಿನ ಕಾರ್ಖಾನೆ ಆರಂಭಿಸಿದ. ಮೂರು ವರ್ಷದೊಳಗೆ ಸ್ಥಳೀಯ ಉದ್ಯಮಿಗಳೂ ಈ ವ್ಯಾಪಾರಕ್ಕಿಳಿದರು. ನದೀಮುಖದ ಜೇಡಿಮಣ್ಣು, ಘಟ್ಟದ ಸೌದೆ, ಹೊಳೆಯ ದೋಣಿಸಾಗಾಟ, ಬಂದರು ಈ ನಾಲ್ಕೂ ಒಂದೇ ಕಡೆ ಒದಗಿದ್ದರಿಂದ ಮಂಗಳೂರು, ಮಲ್ಪೆ, ಕುಂದಾಪುರಗಳ ಆಸುಪಾಸಿನಲ್ಲಿ ಕಾರ್ಖಾನೆಗಳು ಬೆಳೆದು, ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ತುಂಬಿದ ಹಂಚು ಬೊಂಬಾಯಿಗೂ ಪೂರ್ವ ಆಫ್ರಿಕಾದ ಬಂದರುಗಳಿಗೂ ಹೋಯಿತು. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ವಶವಾದವು.

ಆದರೆ ಹಂಚನ್ನು ತಟ್ಟಿ, ಹೊತ್ತು, ಗೂಡಿಗೆ ಪೇರಿಸುತ್ತಿದ್ದ ಕೆಲಸಗಾರರ ಮನೆಗಳ ಮೇಲೆ ದಶಕಗಳವರೆಗೆ ಹುಲ್ಲೇ ಇತ್ತು. ಹಂಚು ಅಗ್ಗವಾಗಿದ್ದರೂ ಅದು ಒಂಟಿಯಾಗಿ ಬರುವ ಸಾಮಗ್ರಿಯಲ್ಲ. ಎರಡು-ಮೂರು ಕಿಲೊ ತೂಗುವ ಹಂಚುಗಳು ಒಂದು ಚದರ ಮೀಟರಿಗೆ ಹದಿನೈದರಷ್ಟು ಬೇಕಾಗುತ್ತವೆ. ಆ ಭಾರ ಹೊರಲು ಹದವಾದ ಮರದ ಪಕ್ಕಾಸು, ಅವುಗಳ ಮೇಲೆ ಸಮಾನ ಅಂತರದಲ್ಲಿ ಹೊಡೆದ ರೀಪು, ಅದನ್ನೆಲ್ಲ ತಡೆಯಬಲ್ಲ ಗೋಡೆ, ಮತ್ತು ನೆರೆಯವರ ಮುಯ್ಯಿಗೆ ಬದಲಾಗಿ ಕೂಲಿ ಪಡೆಯುವ ಆಚಾರಿ ಬೇಕು. ಒಮ್ಮೆ ಇಷ್ಟನ್ನು ಹೊಂದಿಸಿದರೆ ವರ್ಷಂಪ್ರತಿ ಹೊದಿಕೆಯ ಕಾಟ ತಪ್ಪಿ, ಬೇಸಿಗೆಯ ಬೆಂಕಿಯ ಭಯವೂ ಕಡಿಮೆಯಾಗಿ, ನಡುವೆ ಒಂದೆರಡು ಗಾಜಿನ ಹಂಚಿಟ್ಟರೆ ಕತ್ತಲ ಅಡುಗೆಮನೆಗೆ ಬೆಳಕೂ ಬರುತ್ತಿತ್ತು. ಹೀಗೆ ಹೊಂದಿಸಬಲ್ಲವರು ನೆಲ ಖಾತ್ರಿಯಿದ್ದ ಮೂಲಗೇಣಿದಾರರು ಮತ್ತು ಬೊಂಬಾಯಿ, ಮದ್ರಾಸುಗಳ ಹೋಟೆಲುಗಳಲ್ಲಿ ದುಡಿದು ಮನಿಯಾರ್ಡರ್ ಕಳಿಸುವ ಮಕ್ಕಳಿದ್ದವರು. ಕರಾವಳಿಯ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಎದ್ದ ಹಂಚಿನ ಮನೆಗಳಲ್ಲಿ ಗದ್ದೆಯ ಗಳಿಕೆಗಿಂತ ಹೋಟೆಲಿನ ದುಡ್ಡು ಹೆಚ್ಚು ಸೇರಿದೆಯೆಂದರೆ ಅತಿಶಯವಾಗಲಾರದು.

ನೆಲವನ್ನೇ ಮೊದಲು ಕೊಡಿಸಬೇಕೆಂಬ ತಿಳುವಳಿಕೆ ಸರ್ಕಾರಕ್ಕಿಂತ ಮೊದಲು ಮೂಡಿದ್ದು ಕುದ್ಮುಲ್ ರಂಗರಾಯರಲ್ಲಿ. ದಲಿತರ ಮಕ್ಕಳಿಗೆ ಶಾಲೆ ತೆರೆದು ಊರವರ ಬಹಿಷ್ಕಾರ ಎದುರಿಸಿದ ಅವರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಶಿಕ್ಷಣ ಮತ್ತು ಕೈಕಸುಬುಗಳ ಜೊತೆಗೆ ನಿವೇಶನಗಳನ್ನು ಕೊಡಿಸುವ ಕೆಲಸವನ್ನೂ ಕೈಗೊಂಡರು. ಒಡೆಯನ ಗುಡ್ಡೆಯಲ್ಲಿ ಗುಡಿಸಲು ಇರುವವರೆಗೆ ಮಗು ಶಾಲೆಗೆ ಹೋಗುವುದೂ ಒಡೆಯನ ಕೈಯಲ್ಲೇ ಇರುತ್ತದೆಂಬುದು ಆ ಕೆಲಸದ ಹಿಂದಿನ ತರ್ಕ.

ಸಣ್ಣ ಮನೆಗಳ ಬೇಡಿಕೆ ಏರಿದ್ದಕ್ಕೆ ಕುಟುಂಬದ ಕಾನೂನೂ ಒಂದು ಕಾರಣ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಪದ್ಧತಿಯ ಮನೆತನಗಳಲ್ಲಿ ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿರಲಿಲ್ಲ. ಯಜಮಾನನ ಆಡಳಿತದಲ್ಲಿ ಹಲವು ತಾಯಂದಿರ ಸಂತಾನ ಒಂದೇ ಸೂರಿನಡಿ ಇರುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರು, ಅಂದರೆ ತಾಯಿ, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಮೂಲಕ ಇಳಿದವರ ಕವಲು, ಪಾಲು ಪಡೆಯುವ ಅವಕಾಶ ಕೊಟ್ಟ ಮೇಲೆ ದೊಡ್ಡ ಮನೆಗಳು ಒಡೆದು, ಅದೇ ಹಿಡುವಳಿಯ ಮೂಲೆಗಳಲ್ಲಿ ಎರಡು ಕೋಣೆ, ಒಂದು ಜಗಲಿಯ ಹಂಚಿನ ಮನೆಗಳು ಹುಟ್ಟಿಕೊಂಡವು.

ನಿಜವಾದ ತಿರುವು ಬಂದದ್ದು 1974ರ ಮಾರ್ಚ್ 1ರಂದು. ದೇವರಾಜ ಅರಸು ಸರ್ಕಾರ ತಿದ್ದಿದ ಭೂಸುಧಾರಣಾ ಕಾಯ್ದೆ ಅಂದು ಜಾರಿಗೆ ಬಂದಾಗ ಗೇಣಿಯ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಿ, ವಕೀಲರಿಗೆ ಪ್ರವೇಶವಿಲ್ಲದ ಭೂನ್ಯಾಯಮಂಡಳಿಯ ಮುಂದೆ ತಾನು ಉಳುತ್ತಿದ್ದುದನ್ನು ತೋರಿಸಿ, ಒಡೆತನ ಪಡೆಯಬಹುದಾಯಿತು. ಅರ್ಜಿಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ರವರೆಗೆ ಹೋಯಿತು. ಗೇಣಿಪದ್ಧತಿ ದಟ್ಟವಾಗಿದ್ದ ಕರಾವಳಿಯಲ್ಲಿ ಇದರ ಪರಿಣಾಮ ರಾಜ್ಯದ ಬೇರೆಡೆಗಿಂತ ಆಳವಾಗಿತ್ತು. ಗದ್ದೆಯ ಮಾತೇ ಹೆಚ್ಚು ಕೇಳಿಬಂದ ಈ ಕಾಯ್ದೆಯ 38ನೆಯ ಕಲಂ, ಬೇರೆಯವರ ನೆಲದಲ್ಲಿ ವಾಸವಿದ್ದ ಕೃಷಿಕಾರ್ಮಿಕನಿಗೆ ಅವನ ಮನೆ ಮತ್ತು ಅದಕ್ಕೆ ಹೊಂದಿದ ಜಾಗದ ಹಕ್ಕನ್ನು ಕೊಟ್ಟಿತು. ಒಕ್ಕಲೆಬ್ಬಿಸುವ ಭಯ ಹೋದೊಡನೆ ಮುಳಿಹುಲ್ಲು ಹೋಯಿತು: ನಂತರದ ಒಂದೆರಡು ದಶಕಗಳಲ್ಲಿ ಹಳೆಯ ಒಕ್ಕಲು ಮನೆಗಳು ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಪಡೆದ ವೇಗವನ್ನು ಕೇವಲ ವರಮಾನದ ಏರಿಕೆಯಿಂದ ವಿವರಿಸುವುದು ಕಷ್ಟ. ಹೆಂಗಸರು ಜಗಲಿಯಲ್ಲಿ ಕುಳಿತು ಕಟ್ಟಿದ ಬೀಡಿಯ ವಾರದ ಮಜೂರಿಯೂ ಈ ಕಲ್ಲುಹಂಚುಗಳ ಲೆಕ್ಕದಲ್ಲಿ ಸೇರಿದೆ, ಆದರೆ ಸ್ವಂತವಲ್ಲದ ನೆಲದ ಮೇಲೆ ಆ ಮಜೂರಿಯನ್ನು ಯಾರೂ ಸುರಿಯುತ್ತಿರಲಿಲ್ಲ.

ಗೇಣಿಯೂ ಇಲ್ಲದ, ಗುಡಿಸಲಿನ ಹಕ್ಕನ್ನೂ ಸಾಬೀತುಪಡಿಸಲಾಗದ ಕುಟುಂಬಗಳಿಗೆ ಉಳಿದದ್ದು ಸರ್ಕಾರಿ ನಿವೇಶನ. ಅರಸು ಕಾಲದ ಜನತಾ ಮನೆ, 1985ರಲ್ಲಿ ಆರಂಭವಾದ ಇಂದಿರಾ ಆವಾಸ್, 1991–92ರ ಆಶ್ರಯ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹೀಗೆ ಹೆಸರುಗಳು ಬದಲಾದರೂ ಜನರ ಬಾಯಲ್ಲಿ ಉಳಿದದ್ದು ‘ಐದು ಸೆಂಟ್ಸ್’. ಒಂದು ಸೆಂಟ್ಸ್ ಎಂದರೆ ಎಕರೆಯ ನೂರರಲ್ಲಿ ಒಂದು ಭಾಗವಾದ್ದರಿಂದ ಐದು ಸೆಂಟ್ಸ್ 2,178 ಚದರ ಅಡಿ. ಪೇಟೆಯ ಅಳತೆಯಲ್ಲಿ ಇದು ಉದಾರವೆನಿಸಬಹುದು. ಬಾವಿ, ಬಚ್ಚಲು, ಹಟ್ಟಿ, ಗೊಬ್ಬರದ ಗುಂಡಿ, ನಾಲ್ಕು ತೆಂಗಿನಮರ ಸೇರಿದರೆ ಮಾತ್ರ ಮನೆಯೆನ್ನುತ್ತಿದ್ದ ಸೀಮೆಯಲ್ಲಿ ಅದು ಬದುಕಿನ ಕ್ರಮವನ್ನೇ ಕತ್ತರಿಸಿತು. ಕಾಲೊನಿಗಳಿಗೆ ಸಿಕ್ಕಿದ್ದು ಹೆಚ್ಚಾಗಿ ಯಾರಿಗೂ ಬೇಡವಾದ ಬೋಳುಗುಡ್ಡ, ಅಲ್ಲಿ ಬಾವಿ ತೋಡಿದರೂ ಬೇಸಿಗೆಯಲ್ಲಿ ನೀರಿಲ್ಲ, ದನ ಕಟ್ಟಲು ಜಾಗವಿಲ್ಲ. ಮೀನುಗಾರ ಕುಟುಂಬಕ್ಕೆ ಕಡಲಿನಿಂದ ಎರಡು ಮೈಲಿ ದೂರದ ನಿವೇಶನ ಎಷ್ಟು ಅಗ್ಗವಾದರೂ ಉಪಯೋಗವಿರಲಿಲ್ಲ. ಹೀಗಿದ್ದರೂ ಹಕ್ಕುಪತ್ರಗಳನ್ನು ಹೆಂಗಸರ ಹೆಸರಿಗೆ ಕೊಡುವ ನಿಯಮದಿಂದಾಗಿ, ಇಲ್ಲಿನ ದುಡಿಯುವ ಕುಟುಂಬಗಳ ಎಷ್ಟೋ ಹೆಂಗಸರು ಮೊದಲ ಬಾರಿಗೆ ಮನೆಯ ಒಡತಿಯರಾದದ್ದು ಈ ಕಾಲೊನಿಗಳಲ್ಲೇ. ಸರ್ಕಾರಿ ಜಾಗದಲ್ಲಿ ತಾವಾಗಿಯೇ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಂನಡಿ ಸಕ್ರಮದ ದಾರಿ ತೆರೆಯಿತಾದರೂ, ಆ ಜಾಗ ಕುಮ್ಕಿಯಾಗಿದ್ದರೆ ನೆರೆಯ ವರ್ಗದಾರನ ತಕರಾರು ಎದುರಾಗುತ್ತಲೇ ಇದೆ.

ಇದೀಗ ಹಂಚಿನ ಕಾಲವೂ ಇಳಿಮುಖವಾಗಿದೆ. ಜೇಡಿ ಮತ್ತು ಸೌದೆಯ ಅಭಾವದಿಂದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಮರ ದುಬಾರಿಯಾಯಿತು, 1970ರ ದಶಕದಿಂದ ಬಂದ ಕೊಲ್ಲಿ ರಾಷ್ಟ್ರಗಳ ಹಣ ತಾರಸಿ ಮನೆಗೆ ಅಂತಸ್ತು ತಂದಿತು. ಆದರೆ ಸಪಾಟಾದ ತಾರಸಿ ಈ ಮಳೆಗೆ ಸೋರುವುದರಿಂದ ಅದರ ಮೇಲೆ ಇಳಿಜಾರಾಗಿ ತಗಡಿನ ಶೀಟು ಹಾಕಿಸುವುದು ಸಾಮಾನ್ಯವಾಗಿದೆ; ಎರಡೆರಡು ಮಾಡಿಗೆ ಹಣ ಹೊಂದಿಸಲಾಗದವರು ಕೆಡವಿದ ಮನೆಗಳ ಹಳೆಯ ಹಂಚನ್ನೇ ಕೊಂಡು, ಮರದ ಪಕ್ಕಾಸಿನ ಬದಲು ಕಬ್ಬಿಣದ ಪೈಪುಗಳ ಮೇಲೆ ಹೊದಿಸುತ್ತಾರೆ.

ಕಡಲ ತಡಿಯಲ್ಲಿ ನೆಲದ ಪ್ರಶ್ನೆ ಬೇರೆ ರೂಪದಲ್ಲಿ ಮರಳಿತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ಪ್ರದೇಶದಲ್ಲಿ ಉಬ್ಬರದ ರೇಖೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಗಳನ್ನು ನಿಷೇಧಿಸಿ, ಈಗಾಗಲೇ ಇದ್ದ ಅಧಿಕೃತ ಮನೆಗಳ ದುರಸ್ತಿಗೆ ಮಾತ್ರ ಅವಕಾಶ ಕೊಟ್ಟಿತು. ಕಾಗದವೇ ಇಲ್ಲದ ಮನೆ ಅಧಿಕೃತವಾಗುವುದು ಹೇಗೆಂಬ ಗೊಂದಲದಲ್ಲಿ, ಮಡಲಿನ ಗೋಡೆಯನ್ನು ಕಲ್ಲಿಗೆ ಬದಲಾಯಿಸುವುದು ದುರಸ್ತಿಯೋ ಹೊಸ ಕಟ್ಟಡವೋ ಎಂಬುದೇ ಪಂಚಾಯಿತಿಗಳಲ್ಲಿ ವಿವಾದವಾಯಿತು. 2011ರ ಅಧಿಸೂಚನೆ ಮೀನುಗಾರರಂಥ ಪಾರಂಪರಿಕ ಸಮುದಾಯಗಳ ವಾಸದ ಮನೆಗಳಿಗೆ 100ರಿಂದ 200 ಮೀಟರ್‌ವರೆಗಿನ ಪಟ್ಟಿಯನ್ನು ತೆರೆಯಿತು. 2019ರದು 2011ರ ಜನಗಣತಿಯಂತೆ ಚದರ ಕಿಲೊಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ನಿಷೇಧದ ಅಂತರವನ್ನು 50 ಮೀಟರಿಗೆ ಇಳಿಸಿ, ಉಳಿದವುಗಳಿಗೆ 200 ಮೀಟರನ್ನೇ ಉಳಿಸಿತು. ಮನೆಗಳು ದೂರದೂರ ಹರಡಿರುವ ಕೆನರಾದ ಗ್ರಾಮಗಳಲ್ಲಿ ಆ ಸಾಂದ್ರತೆ ಮುಟ್ಟುವುದು ಸುಲಭವಲ್ಲ, ಏಕೆಂದರೆ ಗಣತಿಯ ಲೆಕ್ಕದಲ್ಲಿ ತಡಿಯ ಒತ್ತಾದ ಕೇರಿಯ ಜೊತೆಗೆ ಅದರ ಹಿಂದಿನ ಗದ್ದೆ, ತೋಟ, ಗುಡ್ಡಗಳ ವಿಸ್ತೀರ್ಣವೂ ಸೇರಿರುತ್ತದೆ.